ಗುಬ್ಬಿ ಕೆರೆಯ ದೋಣಿಗೆ ಯಾವ ಆಯಿಲ್?

ಹೋದ ತಿಂಗಳು ನಮ್ಮ ಆಯಿಲ್ ಮೇಷ್ಟ್ರು ತೀರಿಕೊಂಡರು. ನಾವಿಬ್ಬರೂ ಕೆಲಸ ಮಾಡುತ್ತಿದ್ದ ತುಮಕೂರಿನ ತರಬೇತಿ ಸಂಸ್ಥೆಯವರು ಒಂದು ಶ್ರದ್ಧಾಂಜಲಿ ಸಭೆ ಇಟ್ಟುಕೊಂಡಿದ್ದರು. ಹೋಗಿದ್ದೆ. ಮೈಕ್ ಹಿಡಿದವರೆಲ್ಲ ಅವರನ್ನು ಸರಳ ಸಜ್ಜನ, ಅಜಾತಶತ್ರು, ಮಿತಭಾಷಿ ಎಂದು ಹೊಗಳಿ ಹೊಗಳಿ ಕೂತರು. ನನಗೆ ಕುರ್ಚಿಯಲ್ಲೇ ಮೈ ಉರಿಯಿತು. ಅಜಾತಶತ್ರುವಂತೆ! ಶಿರಾ ಗೇಟಿನ ಗ್ಯಾರೇಜುಗಳ ಮೆಕ್ಯಾನಿಕ್ಕುಗಳಲ್ಲಿ ಅರ್ಧ ಜನ ಅವರ ಮೊಪೆಡ್ಡಿನ ಸದ್ದು ಕೇಳಿದರೆ ಶಟರ್ ಎಳೆಯುತ್ತಿದ್ದರು. ಮಿತಭಾಷಿಯಂತೆ! ಒಂದು ಬಾಗಿಲಿನ ಕೀಲಿನ ಬಗ್ಗೆ ಮಾತು ಎತ್ತಿದರೆ ಮನೆಯವರು ಊಟಕ್ಕೆ ಕರೆಯುವ ತನಕ ನಿಲ್ಲಿಸುತ್ತಿರಲಿಲ್ಲ ಆ ಮನುಷ್ಯ. ಸತ್ತವರ ಬಗ್ಗೆ ಒಳ್ಳೆಯದು ಹೇಳಬೇಕು, ಸರಿ. ಆದರೆ ಬೇರೆ ಯಾರದೋ ಒಳ್ಳೆಯದನ್ನು ತಂದು ಇವರ ಫೋಟೋಗೆ ಹಾಕಿದರೆ ಹೇಗೆ?

ಅವರು ಮೋಟಾರ್ ಮೆಕ್ಯಾನಿಕ್ ವಿಭಾಗದ ಮೇಷ್ಟ್ರು, ನಾನು ಡ್ರಾಯಿಂಗ್ ಮೇಷ್ಟ್ರು. ಸದಾಶಿವನಗರದಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಖಾಲಿ ಸೈಟು. ನನ್ನ ಹೆಸರು ಅವರಿಗೆ ಗೊತ್ತಿತ್ತೋ ಇಲ್ಲವೋ ಇವತ್ತಿಗೂ ಅನುಮಾನ. ಕೊನೆಯವರೆಗೂ 'ಏನ್ರೀ ಡ್ರಾಯಿಂಗು' ಎಂದೇ ಕರೆದರು. ಕುಳ್ಳ ಆಳು, ದೊಡ್ಡ ಕಿವಿ. ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ಹೊಲಿಗೆ ಮೆಷಿನ್ನಿಗೆ ಬಿಡುವಂಥ ಉದ್ದ ಮೂಗಿನ ಎಣ್ಣೆ ಡಬ್ಬಿ. ಅವರ ಎಲ್ಲ ಅಂಗಿಗಳ ಎಡಗಡೆ ಎದೆಯ ಮೇಲೂ ಒಂದೇ ಆಕಾರದ ಕಲೆ ಇರುತ್ತಿತ್ತು. 'ನಮ್ಮೆಜಮಾನ್ರ ಎದೇಲಿ ಏನಿದೆ ಅಂತ ನಾನು ಒಗೀವಾಗ್ಲೇ ನೋಡ್ಕೊಂಡ್ಬಿಡ್ತೀನಿ' ಎಂದು ಅವರ ಹೆಂಡತಿ ನಗುತ್ತಿದ್ದರು.

ಸಂಜೆ ವಾಕಿಂಗ್ ಹೋಗುವಾಗ ಯಾರ ಮನೆಯ ಗೇಟಾದರೂ ಕಿರುಗುಟ್ಟಿದರೆ ಮುಗಿಯಿತು. ನಿಂತು, ಡಬ್ಬಿ ತೆಗೆದು, ಕೀಲಿಗೆ ಎರಡು ತೊಟ್ಟು ಬಿಟ್ಟು, ಗೇಟನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿ, ಸದ್ದು ನಿಂತ ಮೇಲೇ ಮುಂದಿನ ಹೆಜ್ಜೆ. ಕೇಳುವುದು ಗೀಳುವುದು ಏನೂ ಇಲ್ಲ. ಒಮ್ಮೆ ಹೊಸದಾಗಿ ಬಾಡಿಗೆಗೆ ಬಂದವರೊಬ್ಬರು ಕಳ್ಳನೆಂದು ಕೈ ಹಿಡಿದುಕೊಂಡರು.

'ಯಾರ್ರೀ ನೀವು? ಗೇಟಿಗೆ ಏನ್ ಮಾಡ್ತಿದೀರಾ?'

'ನಾನ್ ಮಾಡ್ತಿರೋದಲ್ಲ ಸ್ವಾಮಿ, ನೀವ್ ಮಾಡಿರೋದು. ಪಾಪ, ಎಷ್ಟ್ ದಿನದಿಂದ ಹಿಂಗೆ ಅಳುಸ್ತಿದೀರಾ ಅದನ್ನ?'

ಆತ ಕೈ ಬಿಟ್ಟು, ಏನೂ ತೋಚದೆ, ಒಳಗೆ ಕರೆದು ಕಾಫಿ ಕೊಟ್ಟರು. ಕಾಫಿ ಕುಡಿಯುತ್ತಾ ಇವರು ಅಡುಗೆಮನೆಯ ಕಿಟಕಿಗೂ ಎಣ್ಣೆ ಬಿಟ್ಟು ಬಂದರು.

ಕ್ಯಾತ್ಸಂದ್ರದ ಒಂದು ಛತ್ರದಲ್ಲಿ ನಮ್ಮ ಸಹೋದ್ಯೋಗಿಯ ಮಗಳ ಮದುವೆ. ಮುಹೂರ್ತದ ಹೊತ್ತು. ಗಟ್ಟಿಮೇಳ ಜೋರಾಗಿ ಎದ್ದಿದೆ, ಹುಡುಗ ತಾಳಿ ಹಿಡಿದು ಬಾಗಿದ್ದಾನೆ. ಅಷ್ಟು ವಾದ್ಯದ ನಡುವೆಯೂ ಮಂಟಪದ ಪಕ್ಕದ ಫ್ಯಾನಿನ ಕಿರುಕು ಇವರ ಕಿವಿಗೆ ಬಿದ್ದಿದೆ. ಎದ್ದು ಹೋಗಿ ಫ್ಯಾನ್ ಆರಿಸಿ, ಮಂಟಪದ ಮೇಲೇ ಕುಕ್ಕರುಗಾಲಲ್ಲಿ ಕೂತು ಎಣ್ಣೆ ಬಿಡತೊಡಗಿದರು. ಪುರೋಹಿತರು ಬೆವರಿಳಿಸುತ್ತಾ ಮಂತ್ರ ಹೇಳಿದರು. ಆ ಮದುವೆಯ ಫೋಟೋದಲ್ಲಿ ಗಂಡು ಹೆಣ್ಣಿನ ನಡುವೆ ಇವತ್ತಿಗೂ ನಮ್ಮ ಮೇಷ್ಟ್ರ ಬೆನ್ನೇ ದೊಡ್ಡದಾಗಿ ಕಾಣುತ್ತದೆ.

ಆಯಿಲ್ ಪರೀಕ್ಷೆ ಮಾಡುವ ಅವರ ಕ್ರಮವೇ ಬೇರೆ. ಮೊದಲು ಬೆರಳಿಗೆ ಹಚ್ಚಿ ತಿಕ್ಕುವುದು, ಆಮೇಲೆ ಮೂಸುವುದು, ಕೊನೆಗೆ ನಾಲಿಗೆಯ ತುದಿಗೆ. 'ಸಾರ್, ವಿಷ ಕಣ್ರೀ ಅದು' ಎಂದರೆ, 'ನಿಮ್ಮ ಕ್ಯಾಂಟೀನ್ ಕಾಫಿಗಿಂತ ವಾಸಿ' ಎನ್ನುತ್ತಿದ್ದರು. ಹಾಗಂತ ಅವರ ನಾಲಿಗೆ ಹೇಳಿದ್ದೆಲ್ಲ ಸರಿ ಎಂದೇನಲ್ಲ. ಒಮ್ಮೆ ಪ್ರಿನ್ಸಿಪಾಲರ ಜೀಪಿನ ಆಯಿಲ್ ನೆಕ್ಕಿ 'ಹಳಸಿದೆ' ಎಂದು ಹಿಂದಿನ ದಿನವಷ್ಟೇ ಹಾಕಿಸಿದ್ದ ಹೊಸ ಆಯಿಲನ್ನು ಪೂರ್ತಿ ಚರಂಡಿಗೆ ಬಿಟ್ಟಿದ್ದರು. ಪ್ರಿನ್ಸಿಪಾಲರು ಕುಣಿದಾಡಿದರೆ, 'ಹೊಸದೇ ಹಳಸಿತ್ತು ಸಾರ್' ಎಂದು ಸಾಧಿಸಿದರು. ತಪ್ಪು ಒಪ್ಪಿಕೊಳ್ಳುವ ಜಾಯಮಾನವೇ ಅಲ್ಲ.

ಆದರೆ ಒಂದು ವಿಷಯದಲ್ಲಿ ಮಾತ್ರ ಯಾರೂ ಅವರ ಕಡೆ ಬೆರಳು ಮಾಡುವಂತಿರಲಿಲ್ಲ. ಅವರ ವರ್ಕ್‌ಶಾಪಿನಲ್ಲಿ ಒಂದು ಕಾನೂನಿತ್ತು: ಗಾಡಿಗೆ ಕೈ ಹಾಕಿದವನೇ ಮೊದಲು ಅದರಲ್ಲಿ ಕೂರಬೇಕು. ಬ್ರೇಕ್ ಬಿಚ್ಚಿ ಜೋಡಿಸುವ ಪಾಠ ಮುಗಿದರೆ, ಬಿಚ್ಚಿದ ಹುಡುಗರನ್ನು ಅದೇ ಜೀಪಿಗೆ ಹತ್ತಿಸಿಕೊಂಡು ತಾವೂ ಪಕ್ಕದಲ್ಲಿ ಕೂತು ದೇವರಾಯನದುರ್ಗದ ಇಳಿಜಾರಿಗೆ ಹೊರಡುತ್ತಿದ್ದರು. ಬೆಟ್ಟದ ಮೇಲೆ ನಿಂತು ಒಂದೇ ಭಾಷಣ: 'ಬ್ರೇಕ್ ಹಿಡಿದ್ರೆ ಕೆಳಗೆ ಹೋಗಿ ಕಾಫಿ ಕುಡಿಯಾಣ. ಹಿಡೀದಿದ್ರೂ ಕೆಳಗೇ ಹೋಗ್ತೀವಿ.' ಅವರ ಹುಡುಗರು ಕಟ್ಟಿದ ಬ್ರೇಕು ಕೈ ಕೊಟ್ಟಿದ್ದನ್ನು ನಾನು ಕೇಳಿಲ್ಲ.

ಇಷ್ಟು ಗಂಡೆದೆಯ ಮನುಷ್ಯ ನೀರು ಎಂದರೆ ಹೆದರಿ ಸಾಯುತ್ತಿದ್ದರು. ಸ್ನಾನಕ್ಕೆ ಒಂದೇ ಚೊಂಬು ನೀರು, ಅದನ್ನೂ ತಲೆಯ ಮೇಲೆ ಸುರಿದುಕೊಳ್ಳದೆ ಒರೆಸಿಕೊಳ್ಳುವುದು. ಹೆಂಡತಿಯ ತವರು ಕುಣಿಗಲ್. ಬಸ್ಸು ದೊಡ್ಡ ಕೆರೆಯ ಏರಿ ಹತ್ತುವ ಮುಂಚೆಯೇ ಟವಲನ್ನು ಮುಖದ ಮೇಲೆ ಹಾಕಿಕೊಂಡು ಕೂರುತ್ತಿದ್ದರು. ಏರಿ ಇಳಿದ ಮೇಲೆ ಅವರ ಹೆಂಡತಿ ಮೊಣಕೈಯಲ್ಲಿ ತಿವಿದು 'ಮುಗೀತು, ಎದ್ದೇಳ್ರೀ' ಎನ್ನಬೇಕು. ಯಾಕೆ ಹೀಗೆ ಎಂದು ನಾನೇ ಒಮ್ಮೆ ಕೇಳಿದ್ದೆ. 'ನಂಗೂ ನೀರಿಗೂ ಆಗ್ಬರಲ್ಲ ಬುಡಿ' ಎಂದು ಮಾತು ತಿರುಗಿಸಿದರು. ಸ್ಟಾಫ್ ರೂಮಿನಲ್ಲಿ ಇದೊಂದು ಖಾಯಂ ತಮಾಷೆಯಾಗಿತ್ತು.

ಹೀಗಿರುವಾಗ ತೊಂಬತ್ತರ ದಶಕದ ಕೊನೆಗೆ ಒಂದು ವರ್ಷ ಮಳೆ ಜಡಿದು ಗುಬ್ಬಿ ಕೆರೆ ತುಂಬಿ ಕೋಡಿ ಬಿತ್ತು. ಕೋಡಿ ನೋಡಲು ಬಂದ ಜನಸಾಗರ ಕಂಡು ಗುಬ್ಬಿಯ ಒಬ್ಬ ಕೊಬ್ಬರಿ ಸಾಹುಕಾರರ ತಲೆಗೆ ದೋಣಿ ಹೊಕ್ಕಿತು. ಮಂಗಳೂರಿನ ಕಡೆಯಿಂದ ಡೀಸೆಲ್ ಎಂಜಿನ್ನಿನ ಹಳೇ ದೋಣಿಯೊಂದನ್ನು ಲಾರಿಯಲ್ಲಿ ಹೇರಿಸಿ ತಂದೇಬಿಟ್ಟರು. ಊರೆಲ್ಲ ಬ್ಯಾಂಡ್ ಬಾರಿಸಿ, ಪೂಜೆ ಮಾಡಿ ನೀರಿಗೆ ಬಿಟ್ಟರೆ, ಒಂದೆರಡು ವಾರ ಓಡಿದ ದೋಣಿ ಆಮೇಲೆ ಕೂತುಬಿಟ್ಟಿತು. ಎಂಜಿನ್ ಗುಡುಗುತ್ತದೆ, ಗೇರ್ ಹಾಕಿದರೆ ನೀರು ತಳ್ಳುವ ಹಿಂದಿನ ಫ್ಯಾನು ತಿರುಗುವುದಿಲ್ಲ. ಗೇರ್ ಬಾಕ್ಸಿನ ಆಯಿಲ್ ಇಳಿಸಿ ನೋಡಿದರೆ ಬೆಳ್ಳಗೆ ಹಾಲಿನ ಹಾಗೆ ಬಂತು. ನೋಡಿದ ಮೆಕ್ಯಾನಿಕ್ಕುಗಳೆಲ್ಲ 'ಒಳಕ್ಕೆ ಕೆರೆ ನೀರು ನುಗ್ತಿದೆ' ಎಂದು ಕೈಚೆಲ್ಲಿದರು.

ಸಾಹುಕಾರರು ಒಂದು ಮಧ್ಯಾಹ್ನ ನಮ್ಮ ಸ್ಟಾಫ್ ರೂಮಿಗೆ ಬಂದು ಮೇಷ್ಟ್ರ ಮುಂದೆ ಕೈಮುಗಿದು ನಿಂತರು. ದೊಡ್ಡ ದೇಹ, ದೊಡ್ಡ ನಗು.

'ಮೇಷ್ಟ್ರೇ, ಯಾವ ಆಯಿಲ್ ಹಾಕ್ಬೇಕೋ ನೀವೇ ಹೇಳ್ಬೇಕು. ಊರೋರು ನನ್ನ ಆಡ್ಕೊಂಡ್ ನಗ್ತಾವ್ರೆ.'

ಆಯಿಲ್ ಎಂಬ ಶಬ್ದ ಕಿವಿಗೆ ಬಿದ್ದ ಮೇಲೆ ನಮ್ಮ ಮೇಷ್ಟ್ರು ಹಿಂದೆ ಮುಂದೆ ನೋಡುತ್ತಾರೆಯೇ? 'ಗೇರ್ ಬಾಕ್ಸ್ ಬಿಚ್ಚಿ ಇಲ್ಲಿಗೆ ಕಳ್ಸಿ. ನಾನ್ ನೋಡ್ತೀನಿ' ಎಂದುಬಿಟ್ಟರು.

ಫಿಟ್ಟರ್ ವಿಭಾಗದ ಮೇಷ್ಟ್ರೊಬ್ಬರಿದ್ದರು, ಮಹಾ ಕಿಡಿಗೇಡಿ. ಟೀ ಲೋಟ ಕೆಳಗಿಟ್ಟು ಮೆಲ್ಲಗೆ ಕೇಳಿದರು: 'ಹಂಗಾದ್ರೆ ಸಾರ್, ಮೊದ್ಲು ದೋಣೀಲಿ ಕೂರೋರು ಯಾರು?'

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. 'ಕೈ ಹಾಕಿದೋರು. ಅದ್ರಲ್ಲಿ ಕೇಳೋದೇನಿದೆ' ಎಂದರು.

ಸಂಜೆ ನಮ್ಮ ಗೇಟಿನ ಹತ್ತಿರ ಬಂದು ನಿಂತರು. 'ಬಾಯಿಂದ ಬಂದ್ಬಿಡ್ತು ಕಣ್ರೀ ಡ್ರಾಯಿಂಗು. ಈಗ ಕೂರ್ಲಿಲ್ಲ ಅಂದ್ರೆ ನಾಳೆ ಯಾವ್ ಮುಖ ಇಟ್ಕೊಂಡು ಆ ಹುಡುಗ್ರನ್ನ ಬೆಟ್ಟ ಹತ್ತಿಸ್ಲಿ?' ಎಂದರು. ನಾನು ಏನೋ ಸಮಾಧಾನ ಹೇಳಿದೆ. ಅವರಿಗೆ ಬೇಕಾಗಿದ್ದದ್ದು ಸಮಾಧಾನವಲ್ಲ, ಸಮಯ. ಆಯಿಲ್ ಯಾವುದು ಎಂದು ತೀರ್ಮಾನವಾಗುವ ತನಕ ದೋಣಿ ಹೊರಡುವುದಿಲ್ಲ, ದೋಣಿ ಹೊರಡುವ ತನಕ ಇವರು ಕೂರಬೇಕಾಗಿಲ್ಲ. ಅಲ್ಲಿಂದ ಶುರುವಾಯಿತು ನೋಡಿ, ತುಮಕೂರು ಜಿಲ್ಲೆ ಕಂಡು ಕೇಳರಿಯದ ಆಯಿಲ್ ವಿಚಾರಣೆ.

ಗೇರ್ ಬಾಕ್ಸು ತೆಂಗಿನಕಾಯಿ ಮೂಟೆಗಳ ನಡುವೆ ಲಾರಿಯಲ್ಲಿ ಬಂತು. ಆಯುಧಪೂಜೆಯಲ್ಲಿ ದೋಣಿಗೆ ಹಸಿರು ಪೇಂಟ್ ಹೊಡೆಯುವಾಗ ಇದಕ್ಕೂ ಹೊಡೆದಿದ್ದರು. ಒಂದು ಸಲವಲ್ಲ, ಕೈ ತಡೆಯದೆ ಮೇಲಿಂದ ಮೇಲೆ. ಅದರ ಮೇಲೆ ವಿಭೂತಿ, ಕುಂಕುಮ, ಅರಿಶಿನ. 'ಯಾವ ಆಯಿಲ್ ಅಂತ ಕಂಪನಿಯೋರು ಮೈಮೇಲೆ ತಗಡು ಬಡಿದಿರ್ತಾರೆ, ಅದನ್ನ ನೋಡಿದ್ರೆ ಮುಗೀತು' ಎಂದು ಮೇಷ್ಟ್ರು ಪೇಂಟ್ ಕೆರೆಯಲು ಕೂತರು. ಪದರದ ಕೆಳಗೆ ಪದರ. ಕಡೆಗೆ ಹಿತ್ತಾಳೆಯ ತಗಡು ಇಣುಕಿತು. ಆಯಿಲ್ ಎಂಬ ಅಕ್ಷರ ಕಂಡಿತು, ಎಸ್.ಎ.ಇ. ಎಂಬುದು ಕಂಡಿತು, ಮುಂದೆ ಆಯಿಲ್ ಎಷ್ಟು ಮಂದ ಇರಬೇಕೆಂದು ಹೇಳುವ ನಂಬರ್ ಇರಬೇಕಾದ ಜಾಗದಲ್ಲಿ ಸೊಗಸಾದ ದುಂಡನೆಯ ತೂತು.

'ಯಾರ್ರೀ ಇಲ್ಲಿ ತೂತ್ ಹೊಡ್ದೋರು?' ಎಂದು ಮೇಷ್ಟ್ರು ಕಿರುಚಿದ್ದು ನನ್ನ ಡ್ರಾಯಿಂಗ್ ಕ್ಲಾಸಿನವರೆಗೂ ಕೇಳಿಸಿತು.

ಸಾಹುಕಾರರು ಹೆಮ್ಮೆಯಿಂದಲೇ ಹೇಳಿದರು: 'ನಾನೇ. ನಿಂಬೆಹಣ್ಣು ಮೆಣಸಿನಕಾಯಿ ಕಟ್ಟು ಅಂದ್ಲು ನಮ್ಮವ್ವ. ಬೇರೆ ಕಡೆಯೆಲ್ಲಾ ದಪ್ಪ ಕಬ್ಣ ಮೇಷ್ಟ್ರೇ, ಡ್ರಿಲ್ಲೇ ಇಳೀಲಿಲ್ಲ. ಇದೊಂದ್ ತಗಡು ತೆಳ್ಳಗಿತ್ತು.'

ಮೇಷ್ಟ್ರು ಆ ತೂತಿನಲ್ಲಿ ಬೆರಳಿಟ್ಟು ಕೂತರು. ಬೇಜಾರೋ ಸಂತೋಷವೋ ನನಗೆ ತಿಳಿಯಲಿಲ್ಲ. ಎರಡೂ ಇತ್ತೆಂದು ಕಾಣುತ್ತದೆ.

ಮುಂದಿನ ವಾರಗಳಲ್ಲಿ ಶಿರಾ ಗೇಟಿನಲ್ಲಿ ಇದೇ ಮಾತು. ಲಾರಿ ಮೆಕ್ಯಾನಿಕ್ಕುಗಳು ಒಕ್ಕೊರಲಿನಿಂದ, ಗೇರ್ ಬಾಕ್ಸು ಎಂದ ಮೇಲೆ ತೊಂಬತ್ತು ನಂಬರ್ ಗೇರ್ ಆಯಿಲ್, ಇದರಲ್ಲಿ ಯೋಚನೆ ಮಾಡುವುದೇನಿದೆ ಎಂದರು. ಮೇಷ್ಟ್ರು ಮೈಮೇಲೆ ಹಾರಿಬಿದ್ದರು. 'ಲಾರಿ ಗೇರ್ ಬಾಕ್ಸಲ್ಲಿ ಬರೀ ಹಲ್ಲಿರುತ್ತೆ. ಇದ್ರ ಹೊಟ್ಟೇಲಿ ಕ್ಲಚ್ ಪ್ಲೇಟೂ ಇದೆ, ಅದೂ ಅದೇ ಆಯಿಲಲ್ಲೇ ಮುಳುಗಿರುತ್ತೆ. ಅಂಟು ಹಾಕಿದಂಗೆ ತೊಂಬತ್ತು ಸುರುದ್ರೆ ಪ್ಲೇಟು ಕೂಡೋ ಹೊತ್ತಿಗೆ ಕೂಡಲ್ಲ, ಬಿಡೋ ಹೊತ್ತಿಗೆ ಬಿಡಲ್ಲ.' ಪವರ್ ಸ್ಟೀರಿಂಗಿಗೆ ಹಾಕುವ ಕೆಂಪು ಆಯಿಲ್ ಹಾಕಿ ಎಂದು ಬಸ್ಸಿನ ಮೆಕ್ಯಾನಿಕ್ ಒಬ್ಬ ಹೇಳಿದ. 'ಕೆಲವು ದೋಣಿಗೆ ಅದೇ ಸರಿ. ಆದ್ರೆ ಇದ್ರ ತಗಡಿನ ಮೇಲೆ ಎಸ್.ಎ.ಇ. ಅಂತಿದೆ ಕಣಯ್ಯ, ಕೆಂಪಿಗೆ ಹಂಗೆ ನಂಬರ್ ಬರಲ್ಲ.' ಉಳಿದದ್ದು ಎಂಜಿನ್ ಆಯಿಲ್. ಮೂವತ್ತೋ ನಲವತ್ತೋ? ಅದು ಆ ತೂತಿಗೇ ಗೊತ್ತು.

ಅದನ್ನು ತೀರ್ಮಾನ ಮಾಡುವ ಮುಂಚೆ ನೀರು ಎಲ್ಲಿಂದ ನುಗ್ಗುತ್ತಿದೆ ಎಂದು ಪತ್ತೆಯಾಗಬೇಕಿತ್ತಲ್ಲ. ಮೇಷ್ಟ್ರು ಸೀಲುಗಳನ್ನು ಬಿಚ್ಚಿದರು, ಹೊಸದು ಹಾಕಿದರು, ಗಾಳಿ ತುಂಬಿ ಸೋಪಿನ ನೊರೆ ಬಳಿದು ಗುಳ್ಳೆ ಬರುತ್ತದೆಯೇ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಎಲ್ಲೂ ಸೋರಿಕೆಯಿಲ್ಲ. ಇಳಿಸಿದ ಬಿಳೀ ಆಯಿಲನ್ನು ಒಂದು ಬಾಟಲಿಯಲ್ಲಿ ಕಿಟಕಿಯ ಮೇಲೆ ಇಟ್ಟಿದ್ದರು. ಒಂದು ದಿನ ಅದರ ಬಿರಡೆ ತೆಗೆದು ಮೂಸಿದರು. ಮತ್ತೆ ಮೂಸಿದರು. ಬೆರಳಿಗೆ ಹಚ್ಚಿ ನಾಲಿಗೆಯ ತುದಿಗೆ ಇಟ್ಟುಕೊಂಡು ಕಣ್ಣು ಮುಚ್ಚಿದರು.

'ಡ್ರಾಯಿಂಗು, ಇದು ನೀರಲ್ಲ.'

'ಮತ್ತೆ?'

'ಮಜ್ಜಿಗೆ.'

ಇವರಿಗೆ ತಲೆ ಕೆಟ್ಟಿತು ಎಂದೇ ನಾನು ಅಂದುಕೊಂಡೆ. ಆದರೂ ಮೊಪೆಡ್ಡಿನ ಹಿಂದೆ ಕೂತು ಗುಬ್ಬಿಗೆ ಹೋದೆ. ಸಾಹುಕಾರರ ತಾಯಿ ಜಗುಲಿಯ ಮೇಲೆ ಹೂ ಕಟ್ಟುತ್ತಾ ಕೂತಿದ್ದರು. ಮೇಷ್ಟ್ರು ಎದುರಿಗೆ ಕೂತು, ಕಾಯಿಲೆಯವರ ಮನೆಯಲ್ಲಿ ಡಾಕ್ಟರು ಕೇಳುವ ಹಾಗೆ ಕೇಳಿದರು: 'ಅವ್ವಾ, ಗೇರ್ ಬಾಕ್ಸಿಗೆ ಏನಾದ್ರೂ ಹಾಕಿದ್ರಾ?'

'ನಾನೇನ್ ಹಾಕ್ಲಪ್ಪಾ? ಸೋಮವಾರ ಸೋಮವಾರ ಪೂಜೆ ಮಾಡಿ ಒಂದೊಂದ್ ಲೋಟ ಹಾಲು ಬುಟ್ಟಿದೀನಿ ಅಷ್ಟೇಯ.'

'ಎಲ್ಲಿಗೆ ಬುಟ್ರಿ?'

'ಬಾಯಿಗೆ ಕಣಪ್ಪಾ. ಮುಚ್ಚಳ ತಿರುಪಿದ್ರೆ ಬಾಯಿ ಐತಲ್ಲ. ದಿನಾ ಬರೀ ಎಣ್ಣೆ ಕುಡಿಸ್ತಾನೆ ನನ್ನ ಮಗ. ಹೊಟ್ಟೆ ಉರಿಯಲ್ವಾ ಅದಕ್ಕೆ? ತಂಪಾಗ್ಲಿ ಅಂತ ಬುಟ್ಟೆ.'

ಸಾಹುಕಾರರು ತಲೆಯ ಮೇಲೆ ಕೈ ಹೊತ್ತು ಕೂತರು. ಮೇಷ್ಟ್ರು ಬಯ್ಯುತ್ತಾರೆ, ಇವತ್ತು ಈ ಮುದುಕಿಗೆ ಕಾದಿದೆ ಎಂದು ನಾನು ನೋಡುತ್ತಿದ್ದರೆ, ಅವರು ಬಹಳ ಗಂಭೀರವಾಗಿ, 'ಹಾಲು ಕಾಯ್ಸಿದ್ದಾ, ಹಸೀದಾ?' ಎಂದು ಕೇಳಿದರು.

'ಹಸೀದು. ದೇವ್ರಿಗೆ ಕಾಯ್ಸಿದ್ದು ಬುಡ್ತಾರಾ ಯಾರಾದ್ರೂ?'

'ಅದಕ್ಕೇ ಹುಳಿ ಬಂದಿರೋದು' ಎಂದು ತಲೆದೂಗಿದರು ಮೇಷ್ಟ್ರು. ವಾಪಸ್ಸು ಬರುವಾಗ ನನಗೆ ನಗು ತಡೆಯಲಾಗದೆ ಮೊಪೆಡ್ಡು ಅಲ್ಲಾಡುತ್ತಿತ್ತು. ಅವರು ಮಾತ್ರ ನಗಲಿಲ್ಲ. 'ಆಯಮ್ಮನ್ದು ತಪ್ಪಿಲ್ಲ ಕಣ್ರೀ, ಅದಕ್ಕೂ ಒಂದ್ ಹೊಟ್ಟೆ ಇದೆ ಅಂತ ಯೋಚ್ನೆ ಮಾಡಿದ್ರಲ್ಲ' ಎಂದರು.

ಹಾಲು ನಿಂತಿತು, ಗೇರ್ ಬಾಕ್ಸು ತೊಳೆದು ಜೋಡಿಸಿದ್ದಾಯಿತು. ಉಳಿದದ್ದು ಮೂವತ್ತೋ ನಲವತ್ತೋ ಎಂಬುದು. ಈಗ ಅವ್ವನೇ ದಾರಿ ತೋರಿಸಿದರು: ಅಮ್ಮನ ಗುಡಿಯಲ್ಲಿ ಹೂ ಕೇಳುವುದು. ನಮ್ಮ ಕಡೆ ಗೊತ್ತಲ್ಲ, ಮದುವೆ ಮಾಡಬೇಕೋ ಬೇಡವೋ, ಬೋರ್ ಎಲ್ಲಿ ತೋಡಿಸಬೇಕು ಎಂದೆಲ್ಲ ಅಮ್ಮನ ಮುಂದೆ ನಿಂತು ಕೇಳುತ್ತಾರೆ; ವಿಗ್ರಹದ ಬಲಗಡೆಯಿಂದ ಹೂ ಬಿದ್ದರೆ ಆಗಲಿ, ಎಡಗಡೆಯಿಂದ ಬಿದ್ದರೆ ಬೇಡ. ಬಲ ಅಂದರೆ ಮೂವತ್ತು, ಎಡ ಅಂದರೆ ನಲವತ್ತು ಎಂದು ಪೂಜಾರಿಗೆ ಹೇಳಿ ಎಲ್ಲರೂ ಕೈಮುಗಿದು ನಿಂತೆವು. ಮೇಷ್ಟ್ರೂ ನಿಂತರು, ಇನ್ನೊಂದು ದಿನ ಕಳೆಯಿತಲ್ಲ ಎಂಬ ನಿರಾಳ ಅವರ ಮುಖದಲ್ಲಿತ್ತು. ಬಹಳ ಹೊತ್ತಾದ ಮೇಲೆ ಬಲಗಡೆಯಿಂದ ಒಂದು, ಎಡಗಡೆಯಿಂದ ಒಂದು, ಎರಡೂ ಸೇವಂತಿಗೆ ಒಟ್ಟಿಗೇ ಬಿದ್ದವು.

ಪೂಜಾರಿ ಕಕ್ಕಾಬಿಕ್ಕಿಯಾದ. ಸ್ವಲ್ಪ ಯೋಚಿಸಿ, 'ಎರಡೂ ಬೆರೆಸಿ ಹಾಕಿ ಅಂತಾಳೆ ತಾಯಿ. ಮೂವತ್ತೈದು' ಎಂದ.

'ಮೂವತ್ತೈದು ನಂಬರ್ ಆಯಿಲ್ ಪ್ರಪಂಚದಲ್ಲೇ ಇಲ್ಲ ಕಣಯ್ಯ!' ಎಂದು ಗರ್ಭಗುಡಿಯ ಮುಂದೆಯೇ ಮೇಷ್ಟ್ರು ರೇಗಿದರು. ಪೂಜಾರಿಯೂ ಬಿಡಲಿಲ್ಲ, 'ಹಂಗಾದ್ರೆ ನೀವೇ ಅಮ್ಮನ್ನ ಕೇಳ್ಕಳಿ' ಎಂದ. ಇಬ್ಬರಿಗೂ ತೀರ್ಥ ಕೊಟ್ಟು ಅವ್ವ ಸಮಾಧಾನ ಮಾಡಿಸಿದರು.

ಹೀಗೆ ತಿಂಗಳುಗಳು ಉರುಳಿದವು. ಚಳಿ ಹೋಗಿ ಬಿಸಿಲು ಏರಿತು. ಅತ್ತ ಗುಬ್ಬಿಯಲ್ಲಿ ತೂಬು ಎತ್ತಿ ಗದ್ದೆಗೆ ನೀರು ಬಿಡುತ್ತಿದ್ದರು, ಕೆರೆ ದಿನೇ ದಿನೇ ಇಳಿಯುತ್ತಿತ್ತು. ಸಾಹುಕಾರರ ಮುಖ ಸಣ್ಣಗಾಯಿತು. 'ಮೇಷ್ಟ್ರೇ, ಯಾವ್ದೋ ಒಂದು ಹಾಕ್ಬುಡಿ. ನೀರೇ ಹೋದ್ರೆ ದೋಣೀಲಿ ಕೊಬ್ಬರಿ ಒಣಗಿಸ್ಬೇಕಾಯ್ತದೆ' ಎಂದು ಗೋಗರೆದರು. ಮೇಷ್ಟ್ರು ಕೆರೆಯ ಕಡೆ ಒಮ್ಮೆಯೂ ಹೋಗಿರಲಿಲ್ಲ. ಅವರ ಕಣ್ಣಲ್ಲಿ ಅದು ಇನ್ನೂ ಕೋಡಿ ಬಿದ್ದ ಕೆರೆಯೇ.

ಒಂದು ದಿನ ಸ್ಟಾಫ್ ರೂಮಿನಲ್ಲಿ ಆ ಫಿಟ್ಟರ್ ಮೇಷ್ಟ್ರು ಎಲ್ಲರ ಮುಂದೆ ಹೇಳಿದರು: 'ಇನ್ನೊಂದ್ ಸ್ವಲ್ಪ ದಿನ ತಳ್ಳಿ ಸಾರ್. ಕೆರೆನೇ ಇರಲ್ಲ, ಕೂರೋದೂ ತಪ್ಪುತ್ತೆ. ಒಳ್ಳೆ ಐಡಿಯಾ.'

ಎಲ್ಲರೂ ನಕ್ಕರು. ನಾನೂ ನಕ್ಕೆ. ಆವತ್ತು ಸಂಜೆ ವಾಕಿಂಗಿನಲ್ಲಿ ಮೂರು ನಾಲ್ಕು ಗೇಟುಗಳು ಕಿರುಗುಟ್ಟಿದರೂ ನಮ್ಮ ಮೇಷ್ಟ್ರು ನಿಲ್ಲಲಿಲ್ಲ. ಮಾರನೆಯ ಬೆಳಿಗ್ಗೆ ನಮ್ಮ ಮನೆಯ ಮುಂದೆ ನಿಂತು ಕೂಗಿದರು: 'ನಲವತ್ತು!'

'ಹೆಂಗೆ ಹೇಳ್ತೀರಾ ಸಾರ್?'

'ನಮ್ಮ ಬಿಸ್ಲು ನೋಡಿ. ಬಿಸಿಗೆ ಮೂವತ್ತು ನೀರಾಗುತ್ತೆ, ಪ್ಲೇಟು ಜಾರುತ್ತೆ. ನಲವತ್ತು ತಡ್ಕೊಳುತ್ತೆ. ಇಷ್ಟು ಹೇಳೋಕೆ ನಾನ್ ಇಷ್ಟ್ ದಿನ ತಗೊಂಡೆ ಅಂತ ನೀವ್ ಕೇಳ್ಬೇಡಿ, ನಾನ್ ಹೇಳಲ್ಲ. ಭಾನುವಾರ ಟ್ರಯಲ್. ನೀವೂ ಬರ್ತೀರಾ.'

ಭಾನುವಾರ ಗುಬ್ಬಿ ಏರಿಯ ಮೇಲೆ ಜಾತ್ರೆಯ ಹಾಗೆ ಜನ. ಗೇರ್ ಬಾಕ್ಸನ್ನು ಸಾಹುಕಾರರ ಆಳುಗಳು ಹಿಂದಿನ ದಿನವೇ ದೋಣಿಗೆ ಕೂರಿಸಿದ್ದರು. ನಮ್ಮ ಸ್ಟಾಫೆಲ್ಲ ಬಂದಿತ್ತು. ಮೇಷ್ಟ್ರ ಹೆಂಡತಿ ಚಿತ್ರಾನ್ನ ಕಟ್ಟಿಕೊಂಡು ಬಂದಿದ್ದರು. ಮೇಷ್ಟ್ರು ಕಣ್ಣನ್ನು ನೆಲದಿಂದ ಮೇಲೆತ್ತದೆ ಮೆಟ್ಟಿಲಿಳಿದರು. ಸಾಹುಕಾರರಿಗೇ ಅಯ್ಯೋ ಅನಿಸಿತು. 'ಬ್ಯಾಡ ಬುಡಿ ಮೇಷ್ಟ್ರೇ, ಆಯಿಲ್ ಹಾಕಿಕೊಟ್ರಲ್ಲ, ಅಷ್ಟು ಸಾಕು. ನಾನೊಂದ್ ರೌಂಡ್ ಹಾಕ್ಕಂಡ್ ಬತ್ತೀನಿ' ಎಂದರು. ಮೇಷ್ಟ್ರ ಹೆಂಡತಿಯೂ ನಗು ಬಿಟ್ಟು, 'ಬೇಡ ಬನ್ರೀ, ಮನೆಗೆ ಹೋಗೋಣ' ಎಂದು ಮೆಲ್ಲಗೆ ಕರೆದರು.

'ಸುಮ್ನಿರೇ' ಎಂದು, ನನ್ನ ಮಣಿಕಟ್ಟು ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿ ದೋಣಿಗೆ ಕಾಲಿಟ್ಟರು. ನನ್ನ ಕೈ ಬಿಡಲಿಲ್ಲವಾದ್ದರಿಂದ ನಾನೂ ಹತ್ತಿದೆ. ಸಾಹುಕಾರರು ಎಂಜಿನ್ ಚಾಲೂ ಮಾಡಿ ಗೇರ್ ಹಾಕಿದರು. ಟಕ್ ಎಂದು ಕಚ್ಚಿತು. ದೋಣಿ ಬೆಣ್ಣೆಯ ಮೇಲೆ ಹೋದ ಹಾಗೆ ಹೋಯಿತು. ಏರಿಯ ಮೇಲೆ ಚಪ್ಪಾಳೆ, ಸಿಳ್ಳೆ. ಮೇಷ್ಟ್ರು ಒಂದು ಕೈ ಗೇರ್ ಬಾಕ್ಸಿನ ಮೇಲೆ, ಒಂದು ಕೈ ನನ್ನ ಮಣಿಕಟ್ಟಿನ ಮೇಲೆ ಇಟ್ಟು, ಕಣ್ಣು ಮುಚ್ಚಿಕೊಂಡೇ 'ಬಿಸಿ ಹೆಚ್ಚಾಗಿಲ್ಲ... ಜಾರ್ತಿಲ್ಲ... ಸರಿಯಾಗಿದೆ' ಎಂದು ಹೇಳುತ್ತಿದ್ದರು. ನನ್ನ ಕೈ ಜೋಮು ಹಿಡಿಯಿತು.

ನಟ್ಟನಡು ಕೆರೆಯಲ್ಲಿ ಎಂಜಿನ್ನು ಒಂದೆರಡು ಸಲ ಕೆಮ್ಮಿ ನಿಂತುಹೋಯಿತು.

'ಯಾಕೆ? ಗೇರಾ?' ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ ಕೇಳಿದರು.

ಸಾಹುಕಾರರು ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ನೋಡಿದರು, ಆಮೇಲೆ ನಮ್ಮ ಮುಖ ನೋಡಿದರು. 'ಡೀಸೆಲ್ಲು' ಎಂದರು. ಇಷ್ಟು ತಿಂಗಳು ಎಲ್ಲರೂ ಆಯಿಲ್ ಆಯಿಲ್ ಎಂದು ಬಡಿದಾಡಿದ್ದೇ ಆಯಿತು, ಡೀಸೆಲ್ ಹಾಕಬೇಕೆಂದು ಒಬ್ಬ ನರಮಾನವನಿಗೂ ಹೊಳೆದಿರಲಿಲ್ಲ. ನಾನು ಹೊಟ್ಟೆ ಹಿಡಿದು ನಗುತ್ತಿರುವಾಗಲೇ ಸಾಹುಕಾರರು ಪಂಚೆ ಮೇಲೆತ್ತಿ ಕಟ್ಟಿ ದಡಾರನೆ ನೀರಿಗೆ ಇಳಿದುಬಿಟ್ಟರು. ನೋಡಿದರೆ, ಆತ ನಿಂತಿದ್ದಾರೆ. ನೀರು ತೊಡೆ ಮಟ್ಟ.

'ಇಷ್ಟೇಯ ಮೇಷ್ಟ್ರೇ ಇರೋದು! ಇದಕ್ಕಾ ಇಷ್ಟ್ ಹೆದ್ರುಕಂಡಿದ್ರಿ? ಇಳೀರಿ, ನಡ್ಕಂಡೇ ಹೋಗಾಣ. ಇಲ್ಲಾಂದ್ರೆ ಹೆಗಲ ಮೇಲೆ ಹೊತ್ಕತೀನಿ' ಎಂದು ನಕ್ಕರು. ಏರಿಯ ಮೇಲಿನವರಿಗೂ ಕಂಡಿತು. ನಮ್ಮ ಸ್ಟಾಫಿನವರ ನಗು ಅಲ್ಲಿಂದ ಇಲ್ಲಿಗೆ ಕೇಳಿಸಿತು.

ಮೇಷ್ಟ್ರು ಕಣ್ಣು ಬಿಟ್ಟರು. ಸಾಹುಕಾರರ ತೊಡೆಯ ಸುತ್ತ ಆಡುತ್ತಿದ್ದ ನೀರನ್ನೇ ನೋಡಿದರು.

'ಟ್ರಯಲ್ ಅರ್ಧ ಆಗಿದೆ. ನಾನ್ ಇಳಿಯಲ್ಲ. ಡೀಸೆಲ್ ತಗೊಂಡ್ ಬನ್ನಿ' ಎಂದರು.

ಸಾಹುಕಾರರು ಕ್ಯಾನು ಹಿಡಿದು ನೀರಲ್ಲಿ ನಡೆದು ಹೋದರು. ದೋಣಿಯಲ್ಲಿ ನಾವಿಬ್ಬರೇ. ನಾನು ಇನ್ನೂ ನಗುತ್ತಲೇ, 'ಮೊದ್ಲೇ ಬಂದು ನೋಡಿದ್ರೆ ಇಷ್ಟ್ ತಿಂಗಳು ಒದ್ದಾಡೋದು ತಪ್ತಿತ್ತಲ್ಲ ಸಾರ್' ಎಂದೆ.

'ಇಷ್ಟು ಸಾಕು ಕಣ್ರೀ ಡ್ರಾಯಿಂಗು' ಎಂದರು ಅವರು. 'ನಮ್ಮಣ್ಣ ಮುಳುಗಿ ಹೋದಾಗ ಊರ ಕಟ್ಟೇಲಿ ನೀರು ಇಷ್ಟೂ ಇರ್ಲಿಲ್ಲ. ನಾನು ದಡದ ಮೇಲೆ ನಿಂತಿದ್ದೆ. ಆಟ ಆಡ್ತಾವ್ನೆ ಅನ್ಕೊಂಡು ನಗ್ತಾ ನಿಂತಿದ್ದೆ.'

ಏರಿಯ ಮೇಲೆ ಇನ್ನೂ ಯಾರೋ ಸಿಳ್ಳೆ ಹಾಕುತ್ತಿದ್ದರು. ಹೋಗಿ ಅವರ ಬಾಯಿಗೆ ಹೊಡೆಯಬೇಕೆನಿಸಿತು.

ಮೇಷ್ಟ್ರು ನನ್ನ ಮಣಿಕಟ್ಟು ಬಿಟ್ಟರು. ಬಿಸಿ ಇರುವಾಗಲೇ ನೋಡಿಬಿಡೋಣ ಎಂದು ಗೇರ್ ಬಾಕ್ಸಿನ ಅಳತೆ ಕಡ್ಡಿ ಎಳೆದು, ಆಯಿಲನ್ನು ಬೆರಳಿಗೆ ಹಚ್ಚಿ ತಿಕ್ಕಿ, ಮೂಸಿದರು. ಬಿಳಿ ಇಲ್ಲ, ಸುಟ್ಟ ವಾಸನೆಯಿಲ್ಲ. ಕೈ ಒರೆಸಿಕೊಳ್ಳುವ ಬನಿಯನ್ ಬಟ್ಟೆಯ ಚಿಂದಿ ದಡದಲ್ಲೇ ಉಳಿದಿತ್ತು. ಸುತ್ತ ನೋಡಿದರು. ಆಮೇಲೆ ದೋಣಿಯ ಅಂಚಿಗೆ ಸರಿದು, ಬಗ್ಗಿ, ಕೈಯನ್ನು ಮಣಿಕಟ್ಟಿನವರೆಗೆ ಕೆರೆಯ ನೀರಿನೊಳಗೆ ಇಳಿಬಿಟ್ಟರು. ತೆಗೆಯಲಿಲ್ಲ. ನೀರಿನ ಮೇಲೆ ಎಣ್ಣೆಯ ಬಣ್ಣ ಹರಡಿತು. ಆ ಬಣ್ಣ ದೂರ ಸರಿಯುವ ತನಕ ಹಾಗೇ ಬಿಟ್ಟುಕೊಂಡು ಕೂತಿದ್ದು, ಆಮೇಲೆ ಕೈ ಮೇಲೆತ್ತಿ ನೋಡಿ ಮುಖ ಗಂಟಿಕ್ಕಿದರು.

'ಬರೀ ನೀರಲ್ಲಿ ಇದು ಹೋಗಲ್ಲ ಕಣ್ರೀ. ಸಾಹುಕಾರ್ರಿಗೆ ಕೂಗಿ ಹೇಳಿ, ಹಂಗೇ ಒಂದು ಸೋಪೂ ತರ್ಲಿ.'

ನಾನು ಎದ್ದು ನಿಂತು ದಡದ ಕಡೆ ಬಾಯಿ ಮಾಡಿದೆ. ಆ ಸಿಳ್ಳೆಗಿಂತ ಜೋರಾಗಿ ಕೂಗಿದೆ: 'ಸೋಪು!'